ಹೆಲಿಕಾಪ್ಟರ್ ಬೇಕಿರುವುದು ಹೆಬ್ಬಾಳದ ಮೇಲಲ್ಲ

ಮಾನ್ಯ ಸಂಪಾದಕರೇ,

ಬೆಂಗಳೂರಿನ ರಸ್ತೆಗಳಲ್ಲಿ ಹೊತ್ತು ಕಳೆದು ಬೇಸತ್ತ ಉದ್ಯಮಿಗಳು ಹೆಲಿಕಾಪ್ಟರನ್ನು ಬಾಡಿಗೆಗೆ ಪಡೆಯುವುದು, ಶಕ್ತಿಯಿದ್ದರೆ ಸ್ವಂತಕ್ಕೇ ಕೊಳ್ಳುವುದು ಜಾಣತನ ಎಂಬ ಧಾಟಿಯ ಬರಹಗಳು ಈಚೆಗೆ ಮೇಲಿಂದ ಮೇಲೆ ಕಾಣಿಸುತ್ತಿವೆ. ಅವುಗಳಿಗೆ ಬರುವ ಓದುಗರ ಪತ್ರಗಳೂ ಎರಡೇ ಬಗೆಯವು. ಇದು ದುಡ್ಡಿದ್ದವರ ಷೋಕಿ, ಚರ್ಚೆಗೇ ಅರ್ಹವಲ್ಲ ಎಂದು ತಳ್ಳಿಹಾಕುವವು ಕೆಲವಾದರೆ, ಪ್ರತಿಯೊಂದು ಟೆಕ್ ಪಾರ್ಕಿನ ನೆತ್ತಿಯ ಮೇಲೂ ನಾಳೆಯಿಂದಲೇ ಇಳಿಯಲು ಅನುಮತಿ ಕೊಟ್ಟುಬಿಡಿ ಎಂದು ಸರ್ಕಾರವನ್ನು ಒತ್ತಾಯಿಸುವವು ಉಳಿದವು. ಪೀಣ್ಯದ ಮಧ್ಯಮ ಗಾತ್ರದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತನಾಗಿರುವ ನಾನು ಹೆಲಿಕಾಪ್ಟರಿನ ಬಾಡಿಗೆ ಬಿಲ್ಲನ್ನು ಸ್ವತಃ ಪಾಸು ಮಾಡಿದವನು. ಒಂದನ್ನು ಕೊಂಡೇ ತೀರಬೇಕೆಂದು ಹಟ ಹಿಡಿದಿದ್ದ ಯಜಮಾನರಿಗೆ ಬೇಡವೆಂದು ಲೆಕ್ಕ ಬರೆದುಕೊಟ್ಟವನು. ಆ ಅನುಭವದಿಂದ ಹೇಳುವುದಾದರೆ, ಎರಡೂ ಕಡೆಯವರು ಹೆಲಿಕಾಪ್ಟರನ್ನು ತಪ್ಪು ಜಾಗದಲ್ಲಿ ನಿಲ್ಲಿಸಿಕೊಂಡು ಜಗಳವಾಡುತ್ತಿದ್ದಾರೆ. ಅದರ ನಿಜವಾದ ಉಪಯೋಗವಿರುವುದು ವಿಮಾನ ನಿಲ್ದಾಣವಿಲ್ಲದ ನಮ್ಮ ಜಿಲ್ಲೆಗಳಲ್ಲಿ. ಮತ್ತು ಅಲ್ಲಿ ಕೊರತೆಯಿರುವುದು ಇಳಿಯಲು ಎಲ್ಲರಿಗೂ ಸಲ್ಲುವಂಥ ಜಾಗದ್ದು.

ಮೊದಲು ನಗರದ ಮಾತು. ಪ್ರಯಾಣಿಕ ವಿಮಾನಗಳು 2008ರ ಮೇ ತಿಂಗಳಲ್ಲಿ ನಗರದೊಳಗಿನ ಎಚ್‌ಎಎಲ್ ನಿಲ್ದಾಣವನ್ನು ಬಿಟ್ಟು ದೂರದ ದೇವನಹಳ್ಳಿಗೆ ಹೋದಂದಿನಿಂದ ಹೆಲಿಕಾಪ್ಟರಿನ ಆಸೆ ನಮ್ಮನ್ನು ಕಾಡುತ್ತಲೇ ಇದೆ. 2018ರ ಮಾರ್ಚ್‌ನಲ್ಲಿ ಥಂಬಿ ಏವಿಯೇಷನ್ ಸಂಸ್ಥೆಯು ಎಲೆಕ್ಟ್ರಾನಿಕ್ ಸಿಟಿ ಮತ್ತು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ನಡುವೆ ಹೆಲಿ ಟ್ಯಾಕ್ಸಿಯನ್ನು ಆರಂಭಿಸಿತು. ತಲಾ 3,500 ರೂಪಾಯಿ, ಅದರ ಮೇಲೆ ತೆರಿಗೆ. ಎರಡು ಗಂಟೆಯ ದಾರಿ ಹದಿನೈದು ನಿಮಿಷದಲ್ಲಿ ಮುಗಿಯುತ್ತಿತ್ತು. 2022ರ ಅಕ್ಟೋಬರ್‌ನಲ್ಲಿ ಬ್ಲೇಡ್ ಇಂಡಿಯಾ ಸಂಸ್ಥೆಯು ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ 3,250 ರೂಪಾಯಿ ಮತ್ತು ತೆರಿಗೆಯ ದರದಲ್ಲಿ ಆಸನ ಲೆಕ್ಕದ ಸೇವೆಯನ್ನು ಘೋಷಿಸಿತು. ಎರಡೂ ಪ್ರಯತ್ನಗಳು ಪತ್ರಿಕೆಗಳ ಮುಖಪುಟವನ್ನು ಮುಟ್ಟಿದಷ್ಟು ಸುಲಭವಾಗಿ ಊರಿನ ನಿತ್ಯದ ಸಂಚಾರವನ್ನು ಮುಟ್ಟಲಿಲ್ಲ. ಅದಕ್ಕೆ ಆ ಸಂಸ್ಥೆಗಳನ್ನು ದೂರುವುದು ಸರಿಯಲ್ಲ, ಕಾರಣಗಳು ಬೇರೆಡೆಯಿವೆ.

ಹದಿನೈದು ನಿಮಿಷವೆಂಬುದು ನೆಲ ಬಿಟ್ಟು ನೆಲ ಮುಟ್ಟುವವರೆಗಿನ ಲೆಕ್ಕ ಮಾತ್ರ. ಮನೆಯಿಂದ ಹೆಲಿಪ್ಯಾಡಿಗೆ ಹೋಗುವುದು, ತಪಾಸಣೆ, ತೂಕ, ಸುರಕ್ಷತೆಯ ವಿವರಣೆ, ಆಮೇಲೆ ವಿಮಾನ ನಿಲ್ದಾಣದ ಒಳಗಿನ ಇನ್ನೊಂದು ಸುತ್ತಿನ ಸರತಿ ಎಲ್ಲವನ್ನೂ ಕೂಡಿಸಿದರೆ ಒಂದು ಗಂಟೆಯ ಮೇಲಾಗುತ್ತದೆ. ಇಂದಿರಾನಗರದಲ್ಲಿರುವವನಿಗೆ ಎಚ್‌ಎಎಲ್ ನಿಲ್ದಾಣ ಹತ್ತಿರ, ಸರಿ. ಆದರೆ ವೈಟ್‌ಫೀಲ್ಡಿನವನು ಅಲ್ಲಿಗೆ ಬಂದು ತಲುಪುವಷ್ಟರಲ್ಲಿ ಟ್ಯಾಕ್ಸಿಯವನು ಬೂದಿಗೆರೆ ದಾರಿಯಲ್ಲಿ ಅವನನ್ನು ದೇವನಹಳ್ಳಿಗೇ ಒಯ್ದಿರುತ್ತಾನೆ. ಇದಕ್ಕಿಂತ ದೊಡ್ಡ ತೊಡಕು ಬೆಳಕಿನದು. ಉದ್ಯಮಿಗಳು ಹೆಚ್ಚಾಗಿ ಹಿಡಿಯುವುದು ಬೆಳಗಿನ ಆರು ಗಂಟೆಯ ವಿಮಾನ, ಮರಳುವುದು ರಾತ್ರಿ ಒಂಬತ್ತರ ವಿಮಾನ. ಈ ಬಗೆಯ ಹೆಲಿಕಾಪ್ಟರ್ ಸೇವೆಗಳಾದರೋ ಪೈಲಟ್ ಕಣ್ಣಿಗೆ ಕಂಡಂತೆ ನಡೆಸುವ ಹಗಲಿನ ಹಾರಾಟಗಳು. ದೀಪ ಮತ್ತು ಉಪಕರಣಗಳಿಲ್ಲದ ಜಾಗದಲ್ಲಿ ಕತ್ತಲಾದ ಮೇಲೆ ಇಳಿಯುವಂತಿಲ್ಲ. ಚುನಾವಣಾ ಪ್ರಚಾರಕ್ಕೆ ಬಂದ ನಾಯಕರು ಸಂಜೆ ಐದಕ್ಕೆಲ್ಲ ಭಾಷಣ ಮೊಟಕು ಮಾಡಿ ಹೆಲಿಪ್ಯಾಡಿನತ್ತ ಓಡುವುದನ್ನು ನಾವೆಲ್ಲರೂ ನೋಡಿದ್ದೇವೆ. ಇನ್ನು ಡಿಸೆಂಬರ್, ಜನವರಿಯ ಬೆಳಗಿನಲ್ಲಿ ದೇವನಹಳ್ಳಿಯ ಮಂಜಿಗೆ ದೊಡ್ಡ ವಿಮಾನಗಳೇ ತಡವಾಗುವಾಗ ಹೆಲಿಕಾಪ್ಟರಿನ ಗತಿಯನ್ನು ಹೇಳಬೇಕಾಗಿಲ್ಲ. ಅಂದರೆ ರಸ್ತೆ ಯಾವಾಗ ಖಾಲಿಯೋ ಅಥವಾ ಸುಮಾರಾಗಿ ಸಾಗುತ್ತದೆಯೋ ಆ ನಡುಹಗಲಿನಲ್ಲಿ ಮಾತ್ರ ಅದು ಭರವಸೆಯಿಂದ ಒದಗುತ್ತದೆ.

ಬೆಂಗಳೂರಿನ ಆಕಾಶವೂ ನಾವು ತಲೆಯೆತ್ತಿ ನೋಡಿದಾಗ ಕಾಣುವಷ್ಟು ಖಾಲಿಯಾಗಿಲ್ಲ. ಎಚ್‌ಎಎಲ್‌ನಲ್ಲಿ ಯುದ್ಧವಿಮಾನ ಮತ್ತು ಹೆಲಿಕಾಪ್ಟರುಗಳ ಪರೀಕ್ಷಾ ಹಾರಾಟ, ಯಲಹಂಕದಲ್ಲಿ ವಾಯುಪಡೆಯ ತರಬೇತಿ, ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ವೈಮಾನಿಕ ತರಬೇತಿ ಶಾಲೆ, ಉತ್ತರಕ್ಕೆ ದೇವನಹಳ್ಳಿಯ ಎರಡು ರನ್‌ವೇಗಳ ದಟ್ಟಣೆ, ಇವೆಲ್ಲವೂ ಒಂದರ ಮಗ್ಗುಲಿಗೊಂದು ಇವೆ. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುವಾಗ ದೇವನಹಳ್ಳಿಯ ವಿಮಾನಗಳನ್ನೇ ದಿನಕ್ಕೆ ಕೆಲವು ಗಂಟೆ ತಡೆಹಿಡಿಯುತ್ತಾರೆ. 2025ರ ಪ್ರದರ್ಶನಕ್ಕಂತೂ ಹದ್ದುಗಳ ಕಾಟ ತಪ್ಪಿಸಲು ಯಲಹಂಕ ವಾಯುನೆಲೆಯ ಸುತ್ತ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಂಸ ಮಾರಾಟವನ್ನು ವಾರಗಟ್ಟಲೆ ನಿಷೇಧಿಸಿದ್ದರು. ನಮ್ಮ ಬಂಧುವೊಬ್ಬರು ಮಗಳ ಬೀಗರೂಟಕ್ಕೆ ಕುರಿಯನ್ನು ನೆಲಮಂಗಲದಿಂದ ತರಿಸಿದ್ದು ನೆನಪಿದೆ. ಇಂಥ ಆಕಾಶದಲ್ಲಿ ಐದಾರು ಜನರನ್ನು ಹೊತ್ತ ಯಂತ್ರಗಳನ್ನು ಹತ್ತು ನಿಮಿಷಕ್ಕೊಂದರಂತೆ ಬಿಟ್ಟರೂ ಗಂಟೆಗೆ ದಾಟುವವರು ಮೂವತ್ತಾರು ಮಂದಿ. ವಿಮಾನ ನಿಲ್ದಾಣಕ್ಕೆ ಓಡುವ ಬಿಎಂಟಿಸಿಯ ಒಂದು ವಾಯು ವಜ್ರ ಬಸ್ಸು ಅಷ್ಟು ಜನರನ್ನು ಒಂದೇ ಸಲಕ್ಕೆ ಕರೆದೊಯ್ಯುತ್ತದೆ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರ, ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗಬೇಕಿರುವ ಮೆಟ್ರೊ ನೀಲಿ ಮಾರ್ಗ ಒಂದು ವರ್ಷ ಬೇಗ ಮುಗಿದರೆ ಆಗುವ ಉಪಕಾರವನ್ನು ನೂರು ಹೆಲಿಕಾಪ್ಟರುಗಳೂ ಮಾಡಲಾರವು.

ಕಟ್ಟಡಗಳ ನೆತ್ತಿಯ ಮೇಲಿನ ಹೆಲಿಪ್ಯಾಡಿನ ವಿಷಯದಲ್ಲಿ ನನಗೆ ಇನ್ನೂ ಹೆಚ್ಚಿನ ಸಂಕೋಚವಿದೆ. ಬ್ರೆಜಿಲ್‌ನ ಸಾವೊ ಪಾಲೊ ನಗರವನ್ನು ಇದಕ್ಕೆ ಮಾದರಿಯಾಗಿ ತೋರಿಸುವವರಿದ್ದಾರೆ. ಅಲ್ಲಿ ನೂರಾರು ಹೆಲಿಪ್ಯಾಡುಗಳಿರುವುದೂ ಹೆಲಿಕಾಪ್ಟರುಗಳಿಗಾಗಿಯೇ ಪ್ರತ್ಯೇಕ ಸಂಚಾರ ನಿಯಂತ್ರಣವಿರುವುದೂ ನಿಜ. ಆದರೆ ನ್ಯೂಯಾರ್ಕಿನ ಉದಾಹರಣೆಯನ್ನು ಅವರು ಹೇಳುವುದಿಲ್ಲ. ಅಲ್ಲಿನ ಪ್ಯಾನ್ ಆಮ್ ಕಟ್ಟಡದ 59 ಅಂತಸ್ತುಗಳ ಮೇಲಿಂದ ವಿಮಾನ ನಿಲ್ದಾಣಕ್ಕೆ ಹೆಲಿಕಾಪ್ಟರ್ ಸೇವೆಯಿತ್ತು. 1977ರ ಮೇ 16ರಂದು ಮೇಲೆ ನಿಂತು ಪ್ರಯಾಣಿಕರನ್ನು ಹತ್ತಿಸಿಕೊಳ್ಳುತ್ತಿದ್ದ ಹೆಲಿಕಾಪ್ಟರಿನ ಗಾಲಿಯ ಕಾಲು ಮುರಿದು, ಯಂತ್ರ ಪಕ್ಕಕ್ಕೆ ವಾಲಿ, ತಿರುಗುತ್ತಿದ್ದ ರೆಕ್ಕೆ ಬಡಿದು ನಾಲ್ವರು ಸತ್ತರು. ತುಂಡಾದ ರೆಕ್ಕೆಯ ಚೂರು ಕೆಳಗಿನ ಬೀದಿಗೆ ಬಿದ್ದು, ಹೆಲಿಕಾಪ್ಟರಿಗೂ ತನಗೂ ಸಂಬಂಧವೇ ಇಲ್ಲದ ದಾರಿಹೋಕರೊಬ್ಬರು ತೀರಿಕೊಂಡರು. ಆ ಹೆಲಿಪ್ಯಾಡು ಮತ್ತೆ ತೆರೆಯಲಿಲ್ಲ. ಎಂ.ಜಿ. ರಸ್ತೆಯಲ್ಲೋ ಹೊರವರ್ತುಲ ರಸ್ತೆಯಲ್ಲೋ ಕೆಳಗೆ ಎಷ್ಟು ಜನ ನಡೆಯುತ್ತಿರುತ್ತಾರೆಂಬುದನ್ನು ನೆನೆದರೆ, ಅಗ್ನಿ ಅವಘಡದಂಥ ತುರ್ತಿಗೆ ಬಿಟ್ಟು ಬೇರೆ ಕಾರಣಕ್ಕೆ ಮೇಲೆ ಇಳಿಸುವುದನ್ನು ನಾನು ಒಪ್ಪಲಾರೆ.

ಹಾಗೆಂದು ಹೆಲಿಕಾಪ್ಟರೇ ಬೇಡ ಎನ್ನುವವರ ಪಂಗಡಕ್ಕೂ ನಾನು ಸೇರಿದವನಲ್ಲ. ಕಲಬುರಗಿಗೆ 2019ರಲ್ಲಿ, ಬೀದರ್‌ಗೆ 2020ರಲ್ಲಿ, ಶಿವಮೊಗ್ಗಕ್ಕೆ 2023ರಲ್ಲಿ ವಿಮಾನ ಬಂದಿತು. ಹುಬ್ಬಳ್ಳಿ, ಬೆಳಗಾವಿ, ಮಂಗಳೂರುಗಳಿಗೆ ಮೊದಲೇ ಇತ್ತು. ಆದರೂ ಚಿಕ್ಕಮಗಳೂರು, ಕೊಡಗು, ಚಿತ್ರದುರ್ಗ, ಗದಗದಂಥ ಜಿಲ್ಲೆಗಳಿಗೆ ಪ್ರಯಾಣಿಕ ವಿಮಾನವಿಲ್ಲ. ಕಿರು ಜಲವಿದ್ಯುತ್ ಘಟಕಗಳು, ಕಾಫಿ ಸಂಸ್ಕರಣೆಯ ಕಾರ್ಖಾನೆಗಳು, ಗಾಳಿಯಂತ್ರಗಳು, ಕಲ್ಲುಗಣಿಗಳು ಇರುವುದು ಇಂಥ ಕಡೆಗಳಲ್ಲಿಯೇ. ಬೆಳಿಗ್ಗೆ ಹೋಗಿ, ಯಂತ್ರದ ಎದುರು ನಿಂತು ತೀರ್ಮಾನ ತೆಗೆದುಕೊಂಡು, ಸಂಜೆ ಮರಳಬೇಕಾದ ಪರಿಣತರಿಗೆ ದಾರಿಯಲ್ಲೇ ಎರಡು ದಿನ ಹೋಗುತ್ತದೆ. ನಮ್ಮ ಕಾರ್ಖಾನೆ ಮೊದಲ ಸಲ ಹೆಲಿಕಾಪ್ಟರ್ ಬಾಡಿಗೆಗೆ ಪಡೆದದ್ದು ಇದೇ ಕಾರಣಕ್ಕೆ.

ಅದು 2010ರ ಅಕ್ಟೋಬರ್. ಸಕಲೇಶಪುರದ ಆಚೆಯ ಕಿರು ಜಲವಿದ್ಯುತ್ ಘಟಕವೊಂದಕ್ಕೆ ನಾವು ಒದಗಿಸಿದ್ದ ಯಂತ್ರಭಾಗದಲ್ಲಿ ತಕರಾರು ಬಂದು, ಯುರೋಪಿನಿಂದ ಇಬ್ಬರು ಎಂಜಿನಿಯರುಗಳು ಎರಡೇ ದಿನದ ಮಟ್ಟಿಗೆ ಬಂದಿದ್ದರು. ಯಜಮಾನರು ಹೆಲಿಕಾಪ್ಟರ್ ಮಾಡಿಸಿ ಎಂದಾಗ ನಾನು ತಿಳಿದುಕೊಂಡಿದ್ದು ಟ್ಯಾಕ್ಸಿಯ ಹಾಗೆ ಫೋನು ಮಾಡಿದರೆ ಬಂದು ನಿಲ್ಲುತ್ತದೆ ಎಂದು. ಇಳಿಯುವ ಜಾಗವನ್ನು ನಾವೇ ತೋರಿಸಬೇಕು, ಜಾಗದ ಒಡೆಯರ ಒಪ್ಪಿಗೆ ಪಡೆಯಬೇಕು, ಜಿಲ್ಲಾಡಳಿತಕ್ಕೂ ಪೊಲೀಸರಿಗೂ ತಿಳಿಸಬೇಕು, ಅಗ್ನಿಶಾಮಕ ವಾಹನ ಹೇಳಿಟ್ಟಿರಬೇಕು, ಪ್ರತಿಯೊಬ್ಬ ಪ್ರಯಾಣಿಕನ ಹೆಸರು ಮತ್ತು ತೂಕವನ್ನು ಬರೆದುಕೊಡಬೇಕು ಎಂಬುದೆಲ್ಲ ಆಮೇಲೆ ತಿಳಿಯಿತು. ಮೂರು ದಿನ ನನಗೆ ಬೇರೆ ಕೆಲಸವೇ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಒಂದು ಪ್ರೌಢಶಾಲೆಯ ಮೈದಾನ. ಮುಖ್ಯೋಪಾಧ್ಯಾಯರು ಬಹಳ ಉತ್ಸಾಹಿಗಳು. ಮಳೆಗೆ ಮೈದಾನ ಕೆಸರಾಗಿದೆಯೆಂದು ಒಂದು ಲೋಡು ಜಲ್ಲಿ ಹರಡಿಸುವುದಕ್ಕೆ ಹೊರಟಿದ್ದರು. ರೆಕ್ಕೆಯ ಗಾಳಿಗೆ ಜಲ್ಲಿಕಲ್ಲು ಗುಂಡಿನಂತೆ ಹಾರುತ್ತದೆಂದು ಹೆಲಿಕಾಪ್ಟರ್ ಸಂಸ್ಥೆಯವರು ಸಕಾಲಕ್ಕೆ ತಡೆದರು. ಸುಣ್ಣದ ಪುಡಿಯಲ್ಲಿ ವೃತ್ತ ಬರೆದು ನಡುವೆ ಎಚ್ ಅಕ್ಷರವನ್ನು ಬಿಡಿಸಿ, ಗಾಳಿಯ ದಿಕ್ಕು ತಿಳಿಯಲೆಂದು ಬಾವುಟದ ಕಂಬಕ್ಕೆ ಹಳೆಯ ಪಂಚೆಯೊಂದನ್ನು ಕಟ್ಟಿದ್ದಾಯಿತು.

ಜಕ್ಕೂರಿನಲ್ಲಿ ತೂಕದ ಯಂತ್ರದ ಮೇಲೆ ಹತ್ತಿದಾಗ ಯಜಮಾನರು ಬರೆಸಿದ್ದಕ್ಕಿಂತ ಒಂಬತ್ತು ಕೆಜಿ ಹೆಚ್ಚು ತೂಗಿದರು. ನಗುವ ವಿಷಯವಾದರೂ ಪೈಲಟ್ ನಗಲಿಲ್ಲ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರ ಮತ್ತು ಬಿಸಿಲು ಹೆಚ್ಚಿದಂತೆ ಗಾಳಿ ತೆಳುವಾಗಿ ರೆಕ್ಕೆ ಎತ್ತಬಲ್ಲ ಭಾರ ಕಡಿಮೆಯಾಗುತ್ತದೆ, ಆಗ ಬಿಡಬೇಕಾದದ್ದು ಸಾಮಾನನ್ನೋ ಇಂಧನವನ್ನೋ ಮನುಷ್ಯನನ್ನೋ ಎಂದು ಅವರು ತಾಳ್ಮೆಯಿಂದ ವಿವರಿಸಿದರು. ಎಂಜಿನಿಯರುಗಳ ಎರಡು ಪೆಟ್ಟಿಗೆಗಳು ಕಾರಿನಲ್ಲಿ ಹಿಂದೆ ಬಂದವು. ಐವತ್ತೈದು ನಿಮಿಷದಲ್ಲಿ ನಾವು ಆ ಮೈದಾನದಲ್ಲಿದ್ದೆವು. ಅಂದಿನ ರಸ್ತೆಯಲ್ಲಿ ಅದು ಐದು ಗಂಟೆಗೂ ಮೀರಿದ ದಾರಿ. ಮಧ್ಯಾಹ್ನ ಒಂದರ ಹೊತ್ತಿಗೆ ತಕರಾರಿನ ಮೂಲ ಸಿಕ್ಕಿತು, ಎರಡಕ್ಕೆ ತೀರ್ಮಾನವಾಯಿತು. ಅದರಿಂದ ನಾವು ಆ ಘಟಕಕ್ಕೆ ತೆರಬೇಕಾಗಿದ್ದ ದಂಡ ತಪ್ಪಿತು, ಆ ಮೊತ್ತದ ಮುಂದೆ ಬಾಡಿಗೆ ಏನೂ ಅಲ್ಲ. ಹೆಲಿಕಾಪ್ಟರ್ ಷೋಕಿಯೆಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಆ ಮಧ್ಯಾಹ್ನ ಕಣ್ಣ ಮುಂದೆ ಬರುತ್ತದೆ.

ಆದರೆ ಮರಳುವ ಕಥೆ ಬೇರೆಯಾಯಿತು. ಎರಡೂವರೆಗೆ ಹೊರಡೋಣವೆಂದು ಪೈಲಟ್ ಬೆಳಿಗ್ಗೆಯೇ ಹೇಳಿದ್ದರು. ಆತಿಥೇಯರ ಊಟೋಪಚಾರ ಮುಗಿಯುವಾಗ ಮೂರೂಕಾಲು. ಅಷ್ಟರಲ್ಲಿ ಗುಡ್ಡದ ಮೇಲಿಂದ ಮಂಜು ಇಳಿದು ಮೈದಾನದ ಆಚೆಯ ಅಡಿಕೆ ತೋಟ ಮರೆಯಾಗಿತ್ತು. ಎಂಜಿನಿಯರುಗಳಿಗೆ ರಾತ್ರಿಯ ವಿಮಾನವಿತ್ತು. ಯಜಮಾನರು ಮೊದಲು ಕೇಳಿಕೊಂಡರು, ಆಮೇಲೆ ಗದರಿದರು, ಇಷ್ಟು ದುಡ್ಡು ಕೊಟ್ಟಿರುವುದು ಯಾತಕ್ಕೆ ಎಂದೂ ಅಂದುಬಿಟ್ಟರು. "ಸಾರ್, ನಾನು ಹೊರಡುವುದಿಲ್ಲ ಎಂದರೆ ನೀವು ಮನೆಗೆ ತಡವಾಗಿ ಹೋಗುತ್ತೀರಿ, ಅಷ್ಟೇ ಅಲ್ಲವೇ" ಎಂದು ಹೇಳಿ ಪೈಲಟ್ ಯಂತ್ರದ ರೆಕ್ಕೆಗಳನ್ನು ಕಟ್ಟಲು ಹೋದರು. ಹಿಂದೆ ಬಂದಿದ್ದ ಕಾರಿನಲ್ಲಿ ನಾವೆಲ್ಲ ಒತ್ತೊತ್ತಾಗಿ ಕುಳಿತು ಹೊರಟೆವು. ಹಾಸನ ದಾಟುವವರೆಗೂ ಯಾರೂ ಮಾತಾಡಲಿಲ್ಲ. ಚನ್ನರಾಯಪಟ್ಟಣದಲ್ಲಿ ಕಾಫಿಗೆ ನಿಂತಾಗ ಯಜಮಾನರು ನನ್ನ ಕಡೆ ತಿರುಗಿ, "ಅವರ ಬಿಲ್ಲಿನಲ್ಲಿ ಏನೂ ಕತ್ತರಿಸಬೇಡಿ, ಪೂರ್ತಿ ಕೊಟ್ಟುಬಿಡಿ" ಎಂದರು.

ಅವರಿಗೆ ಅಷ್ಟರಲ್ಲಿ ಏನು ನೆನಪಾಯಿತೆಂದು ನಾನು ಊಹಿಸಬಲ್ಲೆ. ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರಿದ್ದ ಹೆಲಿಕಾಪ್ಟರ್ ಮಳೆಮೋಡದ ನಡುವೆ ನಲ್ಲಮಲ ಕಾಡಿನಲ್ಲಿ ಅಪಘಾತಕ್ಕೀಡಾಗಿ ಆಗ ಒಂದೇ ವರ್ಷವಾಗಿತ್ತು. ಅದು 2009ರ ಸೆಪ್ಟೆಂಬರ್ 2. ಅರುಣಾಚಲದ ಮುಖ್ಯಮಂತ್ರಿ ದೋರ್ಜಿ ಖಂಡು ಅವರ ದುರಂತ ನಮ್ಮ ಪ್ರಯಾಣದ ಮರುವರ್ಷ, 2011ರ ಏಪ್ರಿಲ್ 30ರಂದು ನಡೆಯಿತು. ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆ ಎಂಬುದು ಜನರ ನಂಬಿಕೆ. ಹಾಗಾಗುವುದಿಲ್ಲ, ಕೆಳಗಿಳಿಯುವಾಗ ಎದುರಾಗುವ ಗಾಳಿಯೇ ರೆಕ್ಕೆಗಳನ್ನು ತಿರುಗಿಸುತ್ತಿರುವುದರಿಂದ, ಸಾಕಷ್ಟು ಎತ್ತರವಿದ್ದು ಕೆಳಗೆ ಬಯಲು ಸಿಕ್ಕರೆ ನುರಿತ ಪೈಲಟ್ ಅದನ್ನು ಇಳಿಸಬಲ್ಲರು. ಅದಕ್ಕಿಂತ ಕೆಟ್ಟದ್ದು ಮೋಡದೊಳಗೆ ನುಗ್ಗಿ ಮೇಲೆ ಕೆಳಗೆ ಯಾವುದೆಂಬುದೇ ತಿಳಿಯದಂತಾಗುವುದು. ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಾಂಟ್ ಅವರನ್ನು 2020ರ ಜನವರಿ 26ರಂದು ಬಲಿ ತೆಗೆದುಕೊಂಡದ್ದು ಅದೇ. ಅವರಿದ್ದದ್ದು ಎರಡು ಎಂಜಿನ್ನಿನ, ಒಳ್ಳೆಯ ದರ್ಜೆಯ ಹೆಲಿಕಾಪ್ಟರ್, ಯಂತ್ರದಲ್ಲಿ ದೋಷವಿರಲಿಲ್ಲ. ಮಂಜಿನೊಳಗೆ ಹಾರಾಟ ಮುಂದುವರಿಸಿದ ಪೈಲಟ್ ದಿಕ್ಕು ತಪ್ಪಿದರೆಂದೂ, ಗ್ರಾಹಕರನ್ನು ಹೇಗಾದರೂ ತಲುಪಿಸಬೇಕೆಂದು ಅವರು ತಮ್ಮ ಮೇಲೆ ತಾವೇ ಹೇರಿಕೊಂಡ ಒತ್ತಡ ಅದಕ್ಕೆ ಕಾರಣಗಳಲ್ಲೊಂದಾಗಿರಬೇಕೆಂದೂ ಅಮೆರಿಕದ ತನಿಖಾ ಮಂಡಳಿ ಹೇಳಿತು. ಹಣ ಕೊಟ್ಟವನು ಪೈಲಟ್‌ಗೆ ಹವೆಯ ವಿಷಯದಲ್ಲಿ ಒಂದು ಮಾತೂ ಆಡಬಾರದೆಂಬ ಷರತ್ತನ್ನು ಪ್ರತಿ ಬಾಡಿಗೆ ಕರಾರಿನ ಮೊದಲ ಸಾಲಿನಲ್ಲೇ ಬರೆಯಬೇಕೆಂದು ನನ್ನ ಅಭಿಪ್ರಾಯ.

ಇನ್ನು ಕೊಳ್ಳುವ ಪ್ರಶ್ನೆ. ಆ ಪ್ರಯಾಣದ ಸುಖವನ್ನು ಮರೆಯದ, ಮರಳಿದ ಕಷ್ಟವನ್ನು ಬೇಗ ಮರೆತ ನಮ್ಮ ಯಜಮಾನರಿಗೆ ಎರಡು ವರ್ಷದ ನಂತರ ಸ್ವಂತದ್ದು ಬೇಕೆನ್ನಿಸಿತು. ಅವರ ಗೆಳೆಯರೊಬ್ಬರು ನಾಲ್ಕು ಆಸನದ ರಾಬಿನ್‌ಸನ್ ಆರ್44 ಎಂಬ ಪುಟ್ಟ ಹೆಲಿಕಾಪ್ಟರನ್ನು ಸೂಚಿಸಿದ್ದರು; ಹೆಲಿಕಾಪ್ಟರುಗಳ ಪೈಕಿ ಅದು ಅಗ್ಗದ್ದು. ನಾನು ಒಂದು ವಾರ ಕುಳಿತು ಲೆಕ್ಕ ಹಾಕಿದೆ. ಆ ಯಂತ್ರವನ್ನು 2,200 ಗಂಟೆ ಹಾರಿಸಿದ ಮೇಲೆ, ಅಥವಾ 12 ವರ್ಷವಾದ ಮೇಲೆ, ಯಾವುದು ಮೊದಲೋ ಆಗ, ಪೂರ್ತಿ ಬಿಚ್ಚಿ ಹೊಸದಾಗಿ ಜೋಡಿಸಬೇಕೆಂದು ತಯಾರಕರ ನಿಯಮವಿತ್ತು, ಮತ್ತು ಅದರ ಖರ್ಚು ಸಣ್ಣದಲ್ಲ. ನಮಗೆ ವರ್ಷಕ್ಕೆ ಬೇಕಾಗಿದ್ದದ್ದು ಹೆಚ್ಚೆಂದರೆ 60 ಗಂಟೆ. ಹನ್ನೆರಡು ವರ್ಷಕ್ಕೆ 720 ಗಂಟೆಯಾಯಿತು. ದುಡ್ಡು ಕೊಟ್ಟು ಕೊಂಡ ಆಯುಷ್ಯದಲ್ಲಿ ಮೂರರಲ್ಲೊಂದು ಪಾಲನ್ನೂ ಬಳಸದೆ ನಾವು ಅದನ್ನು ಬಿಚ್ಚಿಸಬೇಕಾಗುತ್ತಿತ್ತು. ಹಾರಿದರೂ ಹಾರದಿದ್ದರೂ ಪೈಲಟ್‌ನ ಸಂಬಳ, ಪರವಾನಗಿ ಪಡೆದ ಎಂಜಿನಿಯರ್, ಹ್ಯಾಂಗರಿನ ಬಾಡಿಗೆ, ವಿಮೆ, ವರ್ಷದ ತಪಾಸಣೆ ನಿಲ್ಲುವುದಿಲ್ಲ. ಜೊತೆಗೆ ಆ ಯಂತ್ರ ಕುಡಿಯುವುದು ವಿಮಾನ ನಿಲ್ದಾಣಗಳಲ್ಲೆಲ್ಲ ಸಿಗುವ ಜೆಟ್ ಇಂಧನವನ್ನಲ್ಲ, ಏವ್‌ಗ್ಯಾಸ್ ಎಂಬ ಬೇರೆ ಪೆಟ್ರೋಲನ್ನು. ಆಗ ಅದು ಹೊರದೇಶದಿಂದ ಬರಬೇಕಿತ್ತು, ಇಂಡಿಯನ್ ಆಯಿಲ್ ಅದನ್ನು ಇಲ್ಲೇ ತಯಾರಿಸಿ ಮಾರುಕಟ್ಟೆಗೆ ಬಿಟ್ಟದ್ದು 2022ರಲ್ಲಿ. ವರ್ಷಕ್ಕೆ ಇನ್ನೂರು ಮುನ್ನೂರು ಗಂಟೆ ಹಾರಿಸದವನು ಹೆಲಿಕಾಪ್ಟರ್ ಕೊಳ್ಳಬಾರದೆಂಬ ಮಾತು ಆ ವೃತ್ತಿಯವರಲ್ಲೇ ಇದೆ. ವಾರಕ್ಕೆ ಐದು ಗಂಟೆ, ಎಲ್ಲ ವಾರವೂ. ಪೀಣ್ಯದಲ್ಲಿ ಅಷ್ಟು ಹಾರುವ ತುರ್ತಿರುವವರು ಯಾರಿದ್ದಾರೋ ಕಾಣೆ.

ಯಜಮಾನರು ಸುಲಭಕ್ಕೆ ಬಿಡಲಿಲ್ಲ. ನಾವು ಬಳಸದ ದಿನಗಳಲ್ಲಿ ಬೇರೆಯವರಿಗೆ ಬಾಡಿಗೆಗೆ ಕೊಟ್ಟು ಖರ್ಚು ಹುಟ್ಟಿಸಿಕೊಳ್ಳೋಣ ಎಂದರು. ಈ ಮಾತನ್ನು ಇಂದಿಗೂ ಬಹಳ ಜನ ಹೇಳುವುದರಿಂದ ಸ್ವಲ್ಪ ವಿವರಿಸುತ್ತೇನೆ. ಖಾಸಗಿ ಬಳಕೆಗೆಂದು ನೋಂದಣಿಯಾದ ಹೆಲಿಕಾಪ್ಟರಿನಲ್ಲಿ ಹಣ ಪಡೆದು ಯಾರನ್ನೂ ಒಯ್ಯುವಂತಿಲ್ಲ. ಬಾಡಿಗೆಗೆ ಬಿಡಬೇಕಾದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದ ಅನಿಗದಿತ ಸೇವೆಯ ಪರವಾನಗಿಯನ್ನು ಪಡೆಯಬೇಕು. ಅದಕ್ಕೆ ಹೊಣೆಗಾರ ಅಧಿಕಾರಿಗಳು, ಸುರಕ್ಷತಾ ವ್ಯವಸ್ಥೆ, ಕೈಪಿಡಿಗಳು, ತಪಾಸಣೆಗಳು ಎಲ್ಲ ಬೇಕು, ಅಂದರೆ ಅದೇ ಒಂದು ಪ್ರತ್ಯೇಕ ಕಂಪನಿಯಷ್ಟು ಕೆಲಸ. ತೆರಿಗೆಯಲ್ಲಿಯೂ ಈ ಎರಡಕ್ಕೆ ಅಜಗಜಾಂತರವಿದೆ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಬಳಕೆಯ ಹೆಲಿಕಾಪ್ಟರಿಗೆ ಜಿಎಸ್‌ಟಿ ಶೇ 40, ಹಾಗಲ್ಲದ ಬಳಕೆಯದಕ್ಕೆ ಶೇ 5. ಇಷ್ಟು ಅಂತರವಿದ್ದಲ್ಲಿ ಆಸೆ ಹುಟ್ಟದಿರುತ್ತದೆಯೇ? ಬಾಡಿಗೆ ಸೇವೆಗೆಂದು ತೋರಿಸಿ ತರಿಸಿದ ಯಂತ್ರಗಳನ್ನು ಮಾಲೀಕರೇ ಬಳಸಿಕೊಂಡರೆಂದು ಕಸ್ಟಮ್ಸ್ ಇಲಾಖೆ ಹೂಡಿದ ತಕರಾರುಗಳು ನ್ಯಾಯಮಂಡಳಿಗಳಲ್ಲಿ ವರ್ಷಗಟ್ಟಲೆ ನಡೆದಿವೆ. ನನ್ನ ಟಿಪ್ಪಣಿಯ ಕೊನೆಗೆ ಇದನ್ನೂ ಸೇರಿಸಿದ ಮೇಲೆ ಯಜಮಾನರು ಆ ಕಡತವನ್ನು ಮತ್ತೆ ಕೇಳಲಿಲ್ಲ.

ಹೀಗಾಗಿ ನಮ್ಮಂಥ ಉದ್ಯಮಗಳಿಗೆ ಬಾಡಿಗೆಯೇ ಸರಿ. ಬಾಡಿಗೆಗೆ ಪಡೆಯುವವರಿಗೆ ಒಂದೆರಡು ಮಾತು. ಗಂಟೆಗಿಷ್ಟೆಂದು ಹೇಳುವ ದರವನ್ನು ಹಾರಾಟದ ಸಮಯಕ್ಕೆ ಗುಣಿಸಿಕೊಂಡು ಸಮಾಧಾನಪಡಬೇಡಿ. ಯಂತ್ರವು ತನ್ನ ನೆಲೆಯಿಂದ ಖಾಲಿಯಾಗಿ ನಿಮ್ಮ ಬಳಿ ಬರುವ ಮತ್ತು ಮರಳುವ ಹೊತ್ತು, ದಿನದ ಕನಿಷ್ಠ ಗಂಟೆಗಳು, ಕಾಯುವಿಕೆ, ರಾತ್ರಿ ತಂಗಿದರೆ ಸಿಬ್ಬಂದಿಯ ವಸತಿ, ಇವೆಲ್ಲದರ ಮೇಲೆ ಶೇ 18 ತೆರಿಗೆ ಬಿಲ್ಲಿನಲ್ಲಿ ಬರುತ್ತವೆ. ಸಕಲೇಶಪುರದ ನಮ್ಮ ಯಂತ್ರ ಮಾರನೆಯ ದಿನ ಮಂಜು ಕರಗಿದ ಮೇಲೆ ಖಾಲಿಯಾಗಿ ಹಿಂತಿರುಗಿದ್ದಕ್ಕೂ ನಾವೇ ಕೊಟ್ಟೆವು. ಮಾರುಕಟ್ಟೆಗಿಂತ ತೀರಾ ಕಡಿಮೆ ದರಕ್ಕೆ ಯಾರಾದರೂ ಒಪ್ಪಿದರೆ ಮೊದಲು ಪರವಾನಗಿಯ ಪ್ರತಿಯನ್ನು ಕೇಳಿ. ಖಾಸಗಿ ನೋಂದಣಿಯ ಯಂತ್ರವನ್ನು ಗುಟ್ಟಾಗಿ ಬಾಡಿಗೆಗೆ ಬಿಡುವವರಿದ್ದರೆ, ಅವಘಡವಾದ ದಿನ ವಿಮಾ ಕಂಪನಿ ಮೊದಲು ಎತ್ತುವ ಪ್ರಶ್ನೆ ಅದೇ ಆಗಿರುತ್ತದೆ.

ಈಗ ಸರ್ಕಾರ ಮಾಡಬೇಕಾದದ್ದಕ್ಕೆ ಬರುತ್ತೇನೆ. ನಮ್ಮ ರಾಜ್ಯಕ್ಕೆ ಹೆಲಿಕಾಪ್ಟರ್ ಹೊಸದಲ್ಲ. 1990ರ ದಶಕದಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರು ಬಾಡಿಗೆ ಹೆಲಿಕಾಪ್ಟರುಗಳ ಸಂಸ್ಥೆಯನ್ನು ಕಟ್ಟಿದ್ದು ಬೆಂಗಳೂರಿನಲ್ಲೇ, ಏರ್ ಡೆಕ್ಕನ್ ಆಮೇಲೆ ಬಂದದ್ದು. ಎಚ್‌ಎಎಲ್ ತಯಾರಿಸಿದ ಧ್ರುವ ಹೆಲಿಕಾಪ್ಟರ್ 1992ರಲ್ಲಿ ಮೊದಲು ಹಾರಿದ್ದು ಇಲ್ಲಿಯೇ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ದೇಶಕ್ಕೆ ಹೆಲಿಕಾಪ್ಟರ್ ಮಾಡಿಕೊಡುವ ರಾಜ್ಯದಲ್ಲಿ ಅದನ್ನು ಇಳಿಸಲು ಇಂದಿಗೂ ಶಾಲೆಯ ಮೈದಾನವನ್ನು ಹುಡುಕಬೇಕು. ಮಕ್ಕಳ ಒಂದು ದಿನದ ಆಟ, ಕೆಲವೊಮ್ಮೆ ಪಾಠವೂ, ಅದಕ್ಕೆ ಬಲಿಯಾಗಬೇಕು. ಇಳಿಯುವ ಅನುಮತಿಗೆಂದು ಕೇಂದ್ರ ಸರ್ಕಾರ 2021ರಲ್ಲಿ ಹೆಲಿ ಸೇವಾ ಎಂಬ ಜಾಲತಾಣದ ವ್ಯವಸ್ಥೆಯನ್ನು ಪ್ರಕಟಿಸಿತು, ಜಿಲ್ಲಾಡಳಿತಗಳಿಗೆ ಮಾರ್ಗದರ್ಶಿಯನ್ನೂ ಹೊರಡಿಸಿತು. ಅರ್ಜಿಯ ಕಾಗದ ಕಡಿಮೆಯಾದರೆ ಸಂತೋಷವೇ. ಆದರೆ ಅನುಮತಿ ಸಿಕ್ಕ ಮೇಲೂ ಇಳಿಯಲು ನೆಲ ಬೇಕಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ವಿಮಾನ ನಿಲ್ದಾಣವಿಲ್ಲದ ಪ್ರತಿ ಜಿಲ್ಲೆಯಲ್ಲಿ, ಮಲೆನಾಡಿನಲ್ಲಾದರೆ ಎರಡು ಮೂರು ತಾಲ್ಲೂಕಿಗೊಂದರಂತೆ, ಜಿಲ್ಲಾಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿಗೆ ಹತ್ತಿರದಲ್ಲಿ, ಕಾಂಕ್ರೀಟ್ ಹಾಸಿದ, ಬೇಲಿಯಿರುವ ಒಂದು ಸಾರ್ವಜನಿಕ ಹೆಲಿಪ್ಯಾಡ್ ಇರಲಿ. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ, ಬೆಂಕಿ ಆರಿಸುವ ಸಲಕರಣೆ, ಮತ್ತು ಬಹುಮುಖ್ಯವಾಗಿ ಮೋಡದ ಎತ್ತರ, ಗೋಚರತೆ, ಗಾಳಿಗಳನ್ನು ತಾನಾಗಿಯೇ ಅಳೆದು ಕಳುಹಿಸುವ ಹವಾಮಾನ ಉಪಕರಣ ಅಲ್ಲಿರಲಿ. ಸಕಲೇಶಪುರದ ಆಚೆ ಮಂಜು ಎಷ್ಟಿದೆಯೆಂದು ಆ ದಿನ ಪೈಲಟ್ ತಿಳಿದುಕೊಂಡದ್ದು ಮುಖ್ಯೋಪಾಧ್ಯಾಯರಿಗೆ ಫೋನು ಮಾಡಿ. ಅವರಾದರೋ ಸಂಭ್ರಮದಲ್ಲಿ ಎಲ್ಲ ಚೆನ್ನಾಗಿದೆ ಬನ್ನಿ ಎಂದಿದ್ದರು. ಇಂಥ ಹೆಲಿಪ್ಯಾಡು ಉದ್ಯಮಿಯದ್ದೂ ಅಲ್ಲ, ಮಂತ್ರಿಯದ್ದೂ ಅಲ್ಲ. ಋಷಿಕೇಶದ ಏಮ್ಸ್ ಆಸ್ಪತ್ರೆಯಿಂದ 2024ರ ಅಕ್ಟೋಬರ್‌ನಲ್ಲಿ ಹೆಲಿಕಾಪ್ಟರ್ ಆಂಬುಲೆನ್ಸ್ ಸೇವೆ ಆರಂಭವಾಯಿತು. ಕಳಸದಿಂದಲೋ ಸೋಮವಾರಪೇಟೆಯಿಂದಲೋ ತಲೆಗೆ ಪೆಟ್ಟಾದವರನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ತರುವ ದಾರಿಯ ಉದ್ದವನ್ನು ಬಲ್ಲವರು ಇದರ ಅಗತ್ಯವನ್ನು ನನ್ನಿಂದ ಕೇಳಬೇಕಾಗಿಲ್ಲ. ಪ್ರವಾಹದ ವರ್ಷಗಳಲ್ಲಿ ಪರಿಹಾರ ಕಾರ್ಯಕ್ಕೂ ಅದೇ ನೆಲ ಆಗುತ್ತದೆ.

ಜಾಗದ ಆಯ್ಕೆಯಲ್ಲಿ ಮಾತ್ರ ಜನರನ್ನು ಕೇಳಬೇಕು. ಮೈಸೂರಿನ ಲಲಿತಮಹಲ್ ಬಳಿ ಹೆಲಿ ಪ್ರವಾಸೋದ್ಯಮದ ಹೆಸರಿನಲ್ಲಿ ಮರಗಳನ್ನು ಕಡಿಯಲು 2021ರಲ್ಲಿ ಹೊರಟಾಗ ಊರೇ ಎದುರು ನಿಂತದ್ದು ನ್ಯಾಯವಾಗಿಯೇ ಇತ್ತು. ಮೋಜಿನ ಸುತ್ತಾಟಕ್ಕೆ ಮರ ಕಡಿಯುವುದು ಬೇರೆ. ಆಸ್ಪತ್ರೆಯ ಪಕ್ಕದ ಬಂಜರು ಅರ್ಧ ಎಕರೆಗೆ ಕಾಂಕ್ರೀಟ್ ಹಾಕುವುದು ಬೇರೆ.

ಖರ್ಚು ಯಾರದ್ದೆಂಬ ಪ್ರಶ್ನೆ ಬರುತ್ತದೆ. ಆಂಬುಲೆನ್ಸಿಗೆ ಉಚಿತವಾಗಿರಲಿ, ಉದ್ಯಮಿಗಳಿಂದ ಇಳಿದ ಲೆಕ್ಕಕ್ಕೆ ಶುಲ್ಕ ಪಡೆಯಲಿ, ಆ ಹಣದಲ್ಲಿ ಬೇಲಿ, ಉಪಕರಣ, ಕಾವಲುಗಾರನ ಸಂಬಳ ನಡೆಯಲಿ. ಕೊಡುವುದಕ್ಕೆ ನಾವು ಹಿಂಜರಿಯುವವರಲ್ಲ. ಸಕಲೇಶಪುರದ ಆ ಒಂದು ದಿನಕ್ಕೆ ನಾನು ಬಾಡಿಗೆಯ ಹೊರತಾಗಿ ಹನ್ನೊಂದು ವೋಚರುಗಳಿಗೆ ಸಹಿ ಹಾಕಿದ್ದೆ: ಮೈದಾನ ಹದ ಮಾಡಿದ ಕೂಲಿ, ಸುಣ್ಣ, ಹಗ್ಗ, ಬಿದಿರಿನ ತಡೆಬೇಲಿ, ಶಾಮಿಯಾನ, ಮಕ್ಕಳಿಗೆ ಹಂಚಿದ ಬಾಳೆಹಣ್ಣು ಕೂಡ ಅದರಲ್ಲಿತ್ತು. ಅಂದು ರಾತ್ರಿ ಸುರಿದ ಮಳೆಗೆ ಸುಣ್ಣದ ಎಚ್ ಅಕ್ಷರ ತೊಳೆದುಹೋಯಿತೆಂದೂ, ಬಿದಿರನ್ನು ಯಾರೋ ಸೌದೆಗೆ ಒಯ್ದರೆಂದೂ, ಕಂಬದ ಮೇಲಿನ ಪಂಚೆ ಮಾತ್ರ ಉಳಿದಿದೆಯೆಂದೂ ಮುಖ್ಯೋಪಾಧ್ಯಾಯರು ಮುಂದಿನ ವಾರ ಕಾಗದ ಬರೆದಿದ್ದರು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಲೆಕ್ಕಪತ್ರ ವ್ಯವಸ್ಥಾಪಕ
ರಾಜಾಜಿನಗರ, ಬೆಂಗಳೂರು